ಕಾರಿಲ್ಲದ ಮನೆ

ಅಮೆರಿಕದಲ್ಲಿ ಕಾರಿಲ್ಲದಿದ್ದರೆ ಕಾಲಿಲ್ಲದಂತೆ ಎಂಬ ಮಾತು ನಮ್ಮವರ ಕೂಟಗಳಲ್ಲಿ ಆಗಾಗ ಕೇಳಿಬರುತ್ತದೆ. ಹ್ಯೂಸ್ಟನ್ನಿನಲ್ಲೋ ಡಲ್ಲಾಸಿನಲ್ಲೋ ನೆಲೆಸಿರುವ ಬಂಧುಗಳ ಪಾಲಿಗೆ ಅದು ದಿಟವೇ ಇರಬಹುದು. ಆದರೆ ನ್ಯೂಯಾರ್ಕ್ ನಗರದ ಅರ್ಧಕ್ಕೂ ಹೆಚ್ಚು ಕುಟುಂಬಗಳಿಗೆ ಸ್ವಂತ ಕಾರಿಲ್ಲ. ಕ್ವೀನ್ಸ್ ಭಾಗದಲ್ಲಿರುವ ನಮ್ಮದೂ ಅಂಥದೊಂದು ಮನೆ. ಜ್ಯಾಕ್ಸನ್ ಹೈಟ್ಸ್‌ನ 74ನೆಯ ಬೀದಿಯಿಂದ ಅಕ್ಕಿಚೀಲವನ್ನು ಎರಡು ಗಾಲಿಯ ಕೈಗಾಡಿಯಲ್ಲಿ ಎಳೆದು ತರುತ್ತೇವೆ. ರಸ್ತೆ ಗುಡಿಸುವ ದಿನ ಬೆಳಗಾಗುತ್ತಲೇ ಕಾರನ್ನು ಆಚೆ ಬದಿಗೆ ಸರಿಸಲು ನೆರೆಯವರು ಪಡುವ ಪಾಡು ನಮಗಿಲ್ಲ.

ಈ ಬದುಕಿನ ನಿಜವಾದ ಬೆಲೆ ತಿಳಿದದ್ದು ಅಮ್ಮ ಮೊದಲ ಸಲ ಮೈಸೂರಿನಿಂದ ಬಂದಾಗ. ನ್ಯೂಜೆರ್ಸಿಯಲ್ಲಿ ನನ್ನ ತಂಗಿಯ ಮನೆ ವಿಶಾಲವಾದದ್ದು, ಹಿತ್ತಲಲ್ಲಿ ತೋಟವಿದೆ. ಆದರೂ ಅಲ್ಲಿ ಅಮ್ಮನಿಗೆ ಹಗಲೆಲ್ಲ ಕಿಟಕಿಯೇ ಗತಿ. ಹೊರಗೆ ಹೋಗಲು ಮಗಳೋ ಅಳಿಯನೋ ಕಚೇರಿಯಿಂದ ಮರಳಬೇಕು. ನಮ್ಮ ಇಕ್ಕಟ್ಟಾದ ಮನೆಗೆ ಬಂದ ಎರಡನೆಯ ವಾರದಲ್ಲೇ ಅವರು ಒಬ್ಬರೇ 7ನೆಯ ಸಂಖ್ಯೆಯ ರೈಲು ಹತ್ತಿ, ಫ್ಲಷಿಂಗ್‌ನಲ್ಲಿ ಇಳಿದು, ಬೌನ್ ಬೀದಿಯ ಗಣಪತಿ ದೇವಸ್ಥಾನಕ್ಕೆ ನಡೆದು ಹೋಗಿಬಂದರು. 1977ರಲ್ಲಿ ಪ್ರತಿಷ್ಠಾಪನೆಯಾದ ಆ ದೇವಾಲಯದ ಕ್ಯಾಂಟೀನಿನಿಂದ ನಮಗೂ ದೋಸೆ ಕಟ್ಟಿಸಿಕೊಂಡು ತಂದಿದ್ದರು. "ಯಾರನ್ನೂ ಕೇಳಬೇಕಾಗಲಿಲ್ಲ ಕಣೋ. ಕೊನೇ ಸ್ಟೇಷನ್, ಎಲ್ಲರೂ ಇಳಿದರು, ನಾನೂ ಇಳಿದೆ" ಎಂದರು.

ಕೊರತೆಗಳಿಲ್ಲವೆಂದಲ್ಲ. ನಮ್ಮ ಸಂಘಗಳ ಸಮಾರಂಭಗಳು ಬಹುಮಟ್ಟಿಗೆ ರೈಲು ತಲುಪದ ಶಾಲಾ ಸಭಾಂಗಣಗಳಲ್ಲಿ ನಡೆಯುತ್ತವೆ. ಪ್ರತಿ ಯುಗಾದಿಗೂ ಮಿತ್ರರ ಕಾರಿನಲ್ಲಿ ಜಾಗ ಬೇಡಬೇಕು. ಒಮ್ಮೆಯಾದರೂ ನಿಲ್ದಾಣದ ಸಮೀಪದ ಸಭಾಂಗಣವನ್ನು ಹುಡುಕಿರೆಂದು ಪದಾಧಿಕಾರಿಗಳಲ್ಲಿ ನನ್ನ ಬಿನ್ನಹ.

ಅದಕ್ಕಿಂತ ದೊಡ್ಡ ತೊಡಕು ಮೆಟ್ಟಿಲುಗಳದು. 1904ರಲ್ಲಿ ಆರಂಭವಾದ ಸಬ್‌ವೇಯ 472 ನಿಲ್ದಾಣಗಳಲ್ಲಿ ಹೆಚ್ಚಿನವಕ್ಕೆ ಇಂದಿಗೂ ಲಿಫ್ಟ್ ಇಲ್ಲ. 2055ರ ಹೊತ್ತಿಗೆ ನೂರಕ್ಕೆ 95ರಷ್ಟು ನಿಲ್ದಾಣಗಳನ್ನು ಅಶಕ್ತರಿಗೂ ಎಟುಕುವಂತೆ ಮಾಡುವುದಾಗಿ 2022ರಲ್ಲಿ ಒಪ್ಪಂದವಾಯಿತು. ಎಂಬತ್ತು ದಾಟಿದ ತಾಯಿಗೆ ಆ ವರ್ಷವನ್ನು ಹೇಗೆ ಹೇಳುವುದು? ಎರಡನೆಯ ಸಲ ಬಂದಾಗ ಅವರ ಮಂಡಿಗಳು ಸೋತಿದ್ದವು. ನಾವು ಬಸ್ಸನ್ನೇ ನಂಬಿದೆವು. ಇಲ್ಲಿ ವೃದ್ಧರನ್ನು ಕಂಡರೆ ಚಾಲಕ ಬಸ್ಸಿನ ಮುಂಭಾಗವನ್ನು ಕಾಲುದಾರಿಯ ಮಟ್ಟಕ್ಕೆ ತಗ್ಗಿಸುತ್ತಾನೆ. "ನೋಡೋ, ದಸರಾ ಆನೆ ಬಗ್ಗಿದ ಹಾಗೆ ಬಗ್ಗುತ್ತೆ" ಎಂದು ಅಮ್ಮ ಬೆರಗಾದರು. ದೇವಸ್ಥಾನ ತಲುಪಲು ರೈಲಿಗಿಂತ ಇಮ್ಮಡಿ ಹೊತ್ತು ಹಿಡಿಯಿತು. ಅಮ್ಮ ದಾರಿಯುದ್ದಕ್ಕೂ ಅಂಗಡಿಗಳ ಬೋರ್ಡುಗಳನ್ನು ಓದುತ್ತ ಕುಳಿತಿದ್ದರು.