ಹಸುಗೆ ಲಸಿಕೆ ತಪ್ಪಿಸಲ್ಲ, ನಾವು ಮಾತ್ರ ತಪ್ಪಿಸ್ಕೊಂತೀವಿ

ರಾಗಿ ಒಕ್ಕಣೆ ಮುಗೀತು, ಬಣವೆ ಹಾಕಿದ್ದೂ ಆಯ್ತು. ಇಳುವರಿ ಲೆಕ್ಕ ಇನ್ನೊಂದಿನ ಬರೀತೀನಿ. ಇವತ್ತು ಬೇರೆ ವಿಷಯ.

ಹೋದ ವರ್ಷ ಇದೇ ಟೈಮಲ್ಲಿ ಆಶಾ ಕಾರ್ಯಕರ್ತೆ ಮನೆಗೆ ಬಂದಿದ್ರು. 30 ವರ್ಷ ದಾಟಿದ ಎಲ್ಲರಿಗೂ ಬಿಪಿ, ಶುಗರ್ ನೋಡ್ಬೇಕು, ಬಾಯೊಳಗೆ ಬಿಳಿ ಮಚ್ಚೆ, ಹುಣ್ಣು ಇದೆಯಾ ನೋಡ್ಬೇಕು ಅಂತ. ನಾನು ಕೊಟ್ಟಿಗೆಯಲ್ಲೇ ಇದ್ದೆ. ಹೊಲಕ್ಕೆ ಹೋಗವ್ರೆ ಅನ್ನು ಅಂತ ನಮ್ಮ ಮನೆಯವರಿಗೆ ಸನ್ನೆ ಮಾಡಿ, ಸಗಣಿ ಬುಟ್ಟಿ ಹಿಡ್ಕೊಂಡು ಗೋಡೆ ಮರೆಗೆ ನಿಂತ್ಕೊಂಡೆ. 54 ವರ್ಷದ ಮನುಷ್ಯ! ಅದೇ ಕೊಟ್ಟಿಗೇಲಿ ಕಾಲುಬಾಯಿ ಜ್ವರದ ಲಸಿಕೆಗೆ ಆರು ತಿಂಗಳಿಗೊಮ್ಮೆ ಹಸುಗಳ ಮೂಗುದಾರ ಹಿಡಿದು ನಿಲ್ಲಿಸೋನು ನಾನೇ. ಮಣ್ಣು ಪರೀಕ್ಷೆನೂ ಮಾಡಿಸಿದ್ದೀನಿ, ಕಾರ್ಡು ಬೀರುವಲ್ಲಿದೆ.

ತಿಳುವಳಿಕೆ ಇಲ್ಲದೆ ತಪ್ಪಿಸ್ಕೊಂಡೆ ಅಂದ್ರೆ ಸುಳ್ಳಾಗುತ್ತೆ. ಮಣ್ಣಲ್ಲಿ ಜಿಂಕ್ ಕಮ್ಮಿ ಅಂದ್ರೆ ಚೀಲ ತಂದು ಎರಚಿದ್ರೆ ಆಯ್ತು. ಮೈಯಲ್ಲಿ ಏನಾದ್ರೂ ಸಿಕ್ಕಿದ್ರೆ ಅದು ಅಲ್ಲಿಗೆ ಮುಗಿಯಲ್ಲವಲ್ಲ. ಮಾತ್ರೆ, ಓಡಾಟ, ಉಪ್ಪಿನಕಾಯಿ ಬಂದ್. ಇಪ್ಪತ್ತು ವರ್ಷದಿಂದ ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕ್ತಿದ್ದೆ, ಬಾಯಿ ತೆಗಿ ಅಂದ್ರೇನೇ ಎದೆ ಧಸಕ್ ಅನ್ನೋದು. ನೋಡಿಸದೆ ಇದ್ರೆ ಇಲ್ಲ ಅಂತ ಲೆಕ್ಕ.

ಆಮೇಲೆ ಶಾಲೆ ಹತ್ರ ಕ್ಯಾಂಪ್ ಮಾಡಿದ್ರು. ಬೆಳಿಗ್ಗೆ 11 ಗಂಟೆಗೆ, ಕಳೆ ಕೀಳೋ ದಿನ! ಆದ್ರೂ ಹೋದೆ. ಅಲ್ಲಿ ಒಬ್ಬರು ಶುಗರ್ ನೋಡಿ ನಂಬರನ್ನ ಇನ್ನೊಬ್ಬರಿಗೆ ಕೂಗಿ ಹೇಳಿ ಬರೆಸ್ತಿದ್ರು. ನನ್ನ ಮುಂದಿದ್ದ ಹೆಣ್ಣುಮಗಳದ್ದು 300ರ ಮೇಲೆ. ಸಾಲಲ್ಲಿದ್ದೋರೆಲ್ಲ ತಿರುಗಿ ನೋಡಿದ್ರು. ಅವರ ಮನೇಲಿ ಮಗಳಿಗೆ ಗಂಡು ನೋಡ್ತಿದ್ರು. ನಾನು ಬೀಡಿ ತರೋ ನೆಪದಲ್ಲಿ ಜಾಗ ಖಾಲಿ ಮಾಡಿದೆ, ಬೀಡಿ ಸೇದೋ ಅಭ್ಯಾಸಾನೇ ಇಲ್ಲ ನಂಗೆ.

ನಮ್ಮ ತಮ್ಮನ ವಿಷಯ ಸುಮಾರು ಜನಕ್ಕೆ ಗೊತ್ತು. ಪಂಪ್‌ಸೆಟ್ ಹತ್ರ ಬಿದ್ದ. ಲಕ್ವ. ಆಸ್ಪತ್ರೇಲಿ ಬಿಪಿ 210 ಇತ್ತು. 47 ವಯಸ್ಸು, ಅಲ್ಲಿವರೆಗೆ ಒಂದಿನ ತಲೆನೋವು ಅಂದೋನಲ್ಲ. ಬಿಪಿ ಹಂಗೇನೆ, ನೋಯಲ್ಲ, ಕೆರೆಯಲ್ಲ. ಈಗ ಬಲಗೈಯಲ್ಲಿ ಲೋಟ ಎತ್ತಕ್ಕಾಗಲ್ಲ. ಆಶಾ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಎರಡು ಸಲ 'ಮನೆಯಲ್ಲಿಲ್ಲ' ಅಂತ ಬರೆದಿತ್ತು. ಹಿತ್ತಲಲ್ಲೇ ಇದ್ದನಂತೆ.

ಮೂರನೇ ದಿನ ನಾನೇ ಹೋಗಿ ಕೈ ಚಾಚಿದೆ. 168/102. ಒಂದೇ ಸಲಕ್ಕೆ ಹೇಳಕ್ಕಾಗಲ್ಲ ಬನ್ನಿ ಮಾವ ಅಂತ ಇನ್ನೊಂದಿನ ಕರೆದ್ರು. ಆಗಲೂ 140/90 ದಾಟಿತ್ತು. ದಿನಕ್ಕೊಂದು ಮಾತ್ರೆ, ಸರ್ಕಾರಿ ಆಸ್ಪತ್ರೇಲಿ ದುಡ್ಡಿಲ್ಲದೆ ಕೊಡ್ತಾರೆ. ಇಷ್ಟಕ್ಕೆ ಒಂದು ವರ್ಷ ಗೋಡೆ ಹಿಂದೆ ನಿಂತಿದ್ದು. ಬಾಯಲ್ಲಿ ಏನೂ ಇರ್ಲಿಲ್ಲ. ಹೊಗೆಸೊಪ್ಪು ಬಿಟ್ಟಿದ್ದೀನಿ, ಅಡಿಕೆ ಇನ್ನೂ ಪೂರ್ತಿ ಬಿಡಕ್ಕಾಗಿಲ್ಲ.

ಹೆಂಗಸರಿಗೆ ಗರ್ಭಕೋಶದ ಬಾಯಿಯ ಪರೀಕ್ಷೆನೂ ಇದೆ. ನಮ್ಮ ಮನೆಯವರಿಗೆ ಹೋಗು ಅಂದೆ. "ನೀವು ಕೊಟ್ಟಿಗೇಲಿ ಅವಿತ್ಕೊಂಡಿದ್ರಿ, ನನ್ನ ಯಾಕೆ ಕಳಿಸ್ತೀರ?" ಅಂದ್ಲು. ಬಾಯಿ ಮುಚ್ಕೊಂಡೆ. ಕೊನೆಗೆ ನರ್ಸಮ್ಮನೇ ನೋಡೋದು, ಬಾಗಿಲು ಹಾಕಿರ್ತಾರೆ ಅಂತ ಗೊತ್ತಾದ್ಮೇಲೆ ಸಂಘದ ನಾಲ್ಕು ಜನ ಒಟ್ಟಿಗೆ ಹೋಗಿ ಬಂದ್ರು. ಐದು ನಿಮಿಷದ ಕೆಲಸವಂತೆ. ನಾನು ಹೇಳಿದ್ದಕ್ಕಿಂತ ಆ ಜೊತೆ ಕೆಲಸ ಮಾಡ್ತು.

ನಮ್ಮ ಡೈರಿ ಸೆಕ್ರೆಟರಿ ಜೊತೆ ಮಾತಾಡಿ ಆಶಾ, ನರ್ಸಮ್ಮ ಇಬ್ಬರನ್ನೂ ಬೆಳಿಗ್ಗೆ 6:30ಕ್ಕೆ ಡೈರಿಗೇ ಬರಂಗೆ ಕೇಳ್ಕೊಂಡ್ವಿ. ಹಾಲು ಹಾಕಕ್ಕೆ ಹೆಂಗೂ ಬರ್ತೀವಿ. ನಂಬರ್ ಕೂಗಬಾರದು, ಚೀಟೀಲಿ ಬರೆದು ಅವರವರ ಕೈಗೇ ಕೊಡಿ ಅಂದ್ವಿ. ಮೊದಲ ದಿನ 31 ಜನ ನಿಂತ್ರು. ಕ್ಯಾಂಪಿಗೆ ಬರದೇ ಇದ್ದೋರೇ ಜಾಸ್ತಿ.

ಈ ಸೋಮವಾರ ಮತ್ತೆ ಬರ್ತಾರೆ. ಶುಗರ್ ನೋಡಿಸೋರು ಕಾಫಿ ಕುಡಿದು ಬರಬೇಡಿ, ಹೋದ್ಸಲ ಏಳು ಜನ ಕುಡಿದೇ ಬಂದಿದ್ರು. ತಮ್ಮನ್ನೂ ಕರ್ಕೊಂಡು ಬರ್ತೀನಿ, ಗಾಡೀಲಿ ಕೂರಿಸ್ಕೊಂಡು.