ಒಂದು ಲೆಕ್ಕ, ಮೂರು ಯಂತ್ರ

ಬೆಂಗಳೂರು ದಂಡಿನ ಶಿವಾಜಿನಗರದಲ್ಲಿ, ಸಂತ ಮೇರಿ ಬೆಸಿಲಿಕದಿಂದ ಕೂಗಳತೆಯ ದೂರದಲ್ಲಿ, ರಸೆಲ್ ಮಾರುಕಟ್ಟೆ ನಿಂತಿದೆ. 1927ರಲ್ಲಿ ಕಟ್ಟಿದ ಈ ಕಟ್ಟಡಕ್ಕೆ ಅಂದಿನ ಪುರಸಭೆಯ ಕಮಿಷನರಾಗಿದ್ದ ಟಿ. ಬಿ. ರಸೆಲ್ ಅವರ ಹೆಸರು ಬಂದಿತು. 1933ರಲ್ಲಿ ಇಸ್ಮಾಯಿಲ್ ಸೇಠ್ ಅವರು ಅದನ್ನು ಉದ್ಘಾಟಿಸಿದರು. ಒಂದೇ ಸೂರಿನಡಿ ಹಣ್ಣು, ಹೂವು, ತರಕಾರಿ, ಮೀನು, ಮಾಂಸ. ಒಂದೇ ಓಣಿಯಲ್ಲಿ ಕನ್ನಡ, ಉರ್ದು, ತಮಿಳು. ಚೌಕಾಸಿ ಯಾವ ಭಾಷೆಯಲ್ಲಿ ನಡೆದರೂ ತಕ್ಕಡಿಯ ಮುಳ್ಳು ಆಡುವ ಮಾತು ಒಂದೇ.

ಅಲ್ಲಿನ ಹಣ್ಣಿನ ವ್ಯಾಪಾರಿಯೊಬ್ಬನು ತನ್ನ ಲೆಕ್ಕವನ್ನು ಗಣಕಯಂತ್ರಕ್ಕೆ ಏರಿಸಬಯಸಿದನೆಂದು ಊಹಿಸಬಹುದು. ಅಂಗಡಿಯಲ್ಲಿರುವುದು ಲಿನಕ್ಸ್ ನಡೆಯುವ ಹಳೆಯ ಯಂತ್ರ, ಮನೆಯಲ್ಲಿ ವಿಂಡೋಸ್, ಲೆಕ್ಕ ಪರಿಶೋಧಕರ ಬಳಿ ಮ್ಯಾಕ್. “ಮೂರಕ್ಕೂ ಬೇರೆ ಬೇರೆ ಬರೆಯಬೇಕಾಗುತ್ತದೆ, ಮಾಮೂ” ಎನ್ನುತ್ತಾನೆ ಗಣಕ ಕಲಿತ ಸೋದರಳಿಯ. “ನನ್ನ ತಕ್ಕಡಿಯನ್ನು ಹೊಸೂರಿಗೆ ಒಯ್ದರೆ ಕಿಲೋ ಬೇರೆಯಾಗುತ್ತದೆಯೇ?” ಎಂಬುದು ವ್ಯಾಪಾರಿಯ ಪ್ರಶ್ನೆ. ಪ್ರಶ್ನೆ ನ್ಯಾಯವಾದುದೇ. ಆದರೆ ಪರದೆಯ ಮೇಲೆ ಒಂದು ಗುಂಡಿಯನ್ನೋ ಪಟ್ಟಿಯನ್ನೋ ಬರೆಯುವ ರೀತಿ ಆ ಮೂರು ವ್ಯವಸ್ಥೆಗಳಲ್ಲಿಯೂ ಬೇರೆ ಬೇರೆ. ತೊಡಕು ಇರುವುದು ಇಲ್ಲಿ.

ತಂತ್ರಾಂಶವನ್ನು ಬೇಗನೆ ಕಟ್ಟುವ ಸಲಕರಣೆಗಳು ಹೊಸವೇನಲ್ಲ. 1991ರಲ್ಲಿ ಬಂದ ವಿಷುವಲ್ ಬೇಸಿಕ್, 1995ರಲ್ಲಿ ಬಂದ ಡೆಲ್ಫಿ ಇವುಗಳಲ್ಲಿ ಗುಂಡಿಗಳನ್ನು ತಟ್ಟೆಯಿಂದ ಎತ್ತಿ ಜೋಡಿಸಿದಂತೆ ಪರದೆಯ ಮೇಲೆ ಇಟ್ಟರೆ ಸಾಕಾಗಿತ್ತು. ವಾರಗಳ ಕೆಲಸ ದಿನಗಳಲ್ಲಿ ಮುಗಿಯುತ್ತಿತ್ತು. ಆದರೆ ಆಗ ಹಾಗೆ ಕಟ್ಟಿದುದು ವಿಂಡೋಸಿನ ಹೊಸಿಲು ದಾಟಿ ಮ್ಯಾಕಿಗೆ ಹೋಗುತ್ತಿರಲಿಲ್ಲ. ದಾಟುವ ದಾರಿಗಳು ಮೂರು. ಪರಸ್ಥಳದ ಜಾತ್ರೆಗೆ ಹೊರಟ ವ್ಯಾಪಾರಿಯನ್ನು ನೆನೆದರೆ ಅವು ಸುಲಭವಾಗಿ ತಿಳಿಯುತ್ತವೆ.

ಮೊದಲನೆಯವನು ಸರಕನ್ನು ಮಾತ್ರ ಒಯ್ದು, ಆಯಾ ಊರಿನ ಕಟ್ಟೆಯನ್ನೂ ತಕ್ಕಡಿಯನ್ನೂ ಬಳಸುತ್ತಾನೆ. ಜೂಲಿಯನ್ ಸ್ಮಾರ್ಟ್ ಎಡಿನ್‌ಬರೋದಲ್ಲಿ 1992ರಲ್ಲಿ ಆರಂಭಿಸಿದ ಡಬ್ಲ್ಯುಎಕ್ಸ್‌ವಿಜೆಟ್ಸ್, ಡೆಲ್ಫಿಯ ಜಾಡಿನಲ್ಲಿಯೇ ಪಾಸ್ಕಲ್ ಭಾಷೆಯಲ್ಲಿ ಬೆಳೆದ ಲಜಾರಸ್ ಈ ಬಗೆಯವು. ಹೊರೆ ಹಗುರ, ನೋಟ ಸ್ಥಳೀಯ. ಆದರೆ ಎಲ್ಲ ಊರಿನ ಕಟ್ಟೆಯೂ ಒಂದೇ ಎತ್ತರವಿರದ ಕಾರಣ ಪ್ರತಿ ಯಂತ್ರದಲ್ಲಿಯೂ ಪರೀಕ್ಷಿಸಿ ನೋಡಬೇಕು.

ಎರಡನೆಯವನು ತನ್ನದೇ ಡೇರೆ, ಹಲಗೆಗಳನ್ನು ಹೊತ್ತೊಯ್ಯುತ್ತಾನೆ. ನಾರ್ವೆಯಲ್ಲಿ ಹುಟ್ಟಿ 1995ರಲ್ಲಿ ಹೊರಬಂದ ಕ್ಯೂಟ್, ಜಾವಾದ ಸ್ವಿಂಗ್, ಗೂಗಲಿನ ಫ್ಲಟ್ಟರ್ ತಮ್ಮ ಗುಂಡಿಗಳನ್ನು ತಾವೇ ಚಿತ್ರಿಸುತ್ತವೆ. ಎಲ್ಲೆಡೆಯೂ ಒಂದೇ ರೂಪವನ್ನು ಕಾಯ್ದುಕೊಳ್ಳುವುದು ಇಲ್ಲಿ ಸುಲಭ. ಹೊರೆ ಮಾತ್ರ ತುಸು ಹೆಚ್ಚು.

ಮೂರನೆಯವನು ಇಡೀ ಅಂಗಡಿಯನ್ನೇ ಗಾಡಿಯ ಮೇಲೆ ಹೇರಿಕೊಂಡು ಹೊರಡುತ್ತಾನೆ. 2013ರಲ್ಲಿ ಗಿಟ್‌ಹಬ್ ಸಂಸ್ಥೆಯಲ್ಲಿ ಆರಂಭವಾದ ಎಲೆಕ್ಟ್ರಾನ್ ತನ್ನೊಡನೆ ಕ್ರೋಮಿಯಂ ಎಂಬ ಜಾಲ ವೀಕ್ಷಕವನ್ನೇ ಒಯ್ಯುತ್ತದೆ. ಜಾಲಪುಟ ಕಟ್ಟಲು ಬಲ್ಲವನು ಮರುದಿನವೇ ಇದರಲ್ಲಿ ಕೈಯಾಡಿಸಬಹುದು. ಆದರೆ ಪುಟ್ಟ ರಸೀದಿ ಬರೆಯುವ ತಂತ್ರಾಂಶವೂ ನೂರು ಮೆಗಾಬೈಟನ್ನು ಮೀರಬಹುದು. ಅಂಗಡಿಯ ಹಳೆಯ ಯಂತ್ರ ಏದುಸಿರು ಬಿಡುತ್ತದೆ. ವೇಗವೆಂದಾಗ ಯಾರ ವೇಗವೆಂದು ಕೇಳಿಕೊಳ್ಳಬೇಕಾದುದು ಇಲ್ಲಿಯೇ. ಕಟ್ಟುವವನು ಉಳಿಸಿದ ಹತ್ತು ದಿನಗಳ ಬೆಲೆಯನ್ನು ಬಳಸುವವನು ಪ್ರತಿದಿನವೂ ಕ್ಷಣಕ್ಷಣವಾಗಿ ತೆರುವಂತಾಗಬಾರದು.

ಇನ್ನೊಂದು ಪರೀಕ್ಷೆಯಿದೆ. ‘ದ್ರಾಕ್ಷಿ’ ಎಂಬ ಪದದಲ್ಲಿ ದಕಾರಕ್ಕೆ ರಕಾರದ ಒತ್ತು, ಕಕಾರಕ್ಕೆ ಷಕಾರದ ಒತ್ತು. ಉರ್ದುವಿನ ಬರಹವಾದರೋ ಬಲದಿಂದ ಎಡಕ್ಕೆ ಸಾಗುತ್ತದೆ. ಅದರೊಳಗಿನ ಅಂಕಿ ಮಾತ್ರ ಎಡದಿಂದ ಬಲಕ್ಕೆ. ಇವನ್ನು ಅರಿಯದ ಸಲಕರಣೆ ಎಷ್ಟು ವೇಗದ್ದಾದರೇನು, ರಸೆಲ್ ಮಾರುಕಟ್ಟೆಗೆ ಅದು ಒದಗದು. ಒಂದು ಅಕ್ಷರಶೈಲಿಯಲ್ಲಿ ಬರೆದ ಕನ್ನಡವು ಇನ್ನೊಂದು ಯಂತ್ರದಲ್ಲಿ ಅರ್ಥವಿಲ್ಲದ ಗೀಟುಗಳಾಗಿ ಕಾಣುತ್ತಿದ್ದ ಕಾಲವೊಂದಿತ್ತು. 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಎಡೆಕೊಟ್ಟ ಯೂನಿಕೋಡ್ ಬಳಕೆಗೆ ಬಂದಂತೆಲ್ಲ ಆ ಕಷ್ಟ ಕಡಿಮೆಯಾಯಿತು. ಆದುದರಿಂದ ಸಲಕರಣೆಯನ್ನು ಆರಿಸುವ ಮೊದಲು ಮೂರು ಯಂತ್ರಗಳಲ್ಲಿಯೂ ‘ದ್ರಾಕ್ಷಿ’ ಎಂದು ಬರೆದು ನೋಡುವುದು ಲೇಸು. ಅಲ್ಲಿ ಗೆದ್ದರೆ, ಹಳೆಯ ಯಂತ್ರವುಳ್ಳ ಈ ಅಂಗಡಿಗೆ ಮೊದಲನೆಯ ದಾರಿಯೇ ಒಪ್ಪುತ್ತದೆ.

ಹಾಗೆಂದು ಸಲಕರಣೆಯನ್ನೇ ಪೂರ್ಣವಾಗಿ ನಂಬುವಂತಿಲ್ಲ. ಲಕ್ಷಾಂತರ ಮಂದಿ ಕಲಿತಿದ್ದ ವಿಷುವಲ್ ಬೇಸಿಕ್‌ನ ಆರನೆಯ ಆವೃತ್ತಿಯ ಸಲಕರಣೆಗೆ ಅದನ್ನು ಮಾಡಿದ ಮೈಕ್ರೋಸಾಫ್ಟ್ 2008ರಲ್ಲಿ ತನ್ನ ಬೆಂಬಲವನ್ನು ನಿಲ್ಲಿಸಿತು. 2012ರ ಫೆಬ್ರವರಿಯಲ್ಲಿ ಬೆಂಕಿ ಬಿದ್ದು ರಸೆಲ್ ಮಾರುಕಟ್ಟೆಯ ಎಷ್ಟೋ ಮಳಿಗೆಗಳು ಸುಟ್ಟುಹೋದವು. ಕಟ್ಟಡಕ್ಕೆ ಬೆಂಕಿಯ ಭಯ, ಸಲಕರಣೆಗೆ ಕಾಲದ ಭಯ. ಲೆಕ್ಕವನ್ನು ಯಾವ ಯಂತ್ರವಾದರೂ ಓದಬಲ್ಲ ಸರಳ ರೂಪದಲ್ಲಿ ಬರೆದು, ಅದರ ಪ್ರತಿಯೊಂದನ್ನು ಬೇರೆಡೆ ಇಟ್ಟವನಿಗೆ ಎರಡರ ಭಯವೂ ಕಡಿಮೆ. ಸಲಕರಣೆ ಹಳತಾದರೆ ಹೊಸದನ್ನು ಕಲಿಯಬಹುದು. ಯಾರು ಎಷ್ಟು ಕೊಡಬೇಕು, ಯಾರಿಗೆ ಎಷ್ಟು ಕೊಡಬೇಕು ಎಂಬ ನೆನಪು ಅಳಿದರೆ ಅದನ್ನು ಮತ್ತೆ ಕಟ್ಟಿಕೊಡುವ ಸಲಕರಣೆ ಯಾವುದೂ ಇಲ್ಲ.