ಕರೆಂಟ್ ಹೋದಾಗ ಬಾಗಿಲು ತೆರೆದಿರಲಿ

ಮೇ ತಿಂಗಳ ಕೊನೆಯ ದಿನಗಳನ್ನು ನೀವು ರೋಣ, ನರಗುಂದ, ಗಜೇಂದ್ರಗಡದ ಕಡೆ ಕಳೆದಿದ್ದರೆ ನಾನು ಹೇಳುವುದು ಕೂಡಲೇ ಅರ್ಥವಾದೀತು. ಮಧ್ಯಾಹ್ನವೆಲ್ಲ ಎಲೆ ಅಲುಗದ ಧಗೆ. ಅಸರ್ ನಮಾಝ್ ಮುಗಿಯುವಷ್ಟರಲ್ಲಿ ಕರಿಮೋಡ, ಹಿಂದೆಯೇ ಕಣ್ಣಿಗೆ ಮಣ್ಣೆರಚುವ ಬಿರುಗಾಳಿ, ನಾಲ್ಕು ದಪ್ಪ ಹನಿ. ಅಷ್ಟರಲ್ಲಿ ಕರೆಂಟ್ ಹೋಗಿರುತ್ತದೆ.

ಗಜೇಂದ್ರಗಡದ ಗುಡ್ಡದ ಮೇಲೆ ವಿದ್ಯುತ್ ಉತ್ಪಾದಿಸುವ ಗಾಳಿಯಂತ್ರಗಳು ತಿರುಗುತ್ತವೆ. ಬೆಳಕು ಕೊಡುವುದೂ ಗಾಳಿಯೇ, ಕಸಿಯುವುದೂ ಗಾಳಿಯೇ! ಆದರೂ ಗಾಳಿಯನ್ನು ಶಪಿಸಬೇಡಿ, ಅದರ ಒಳಿತನ್ನು ಅಲ್ಲಾಹನಲ್ಲಿ ಬೇಡಿ, ಕೆಡುಕಿನಿಂದ ಅವನ ಅಭಯ ಯಾಚಿಸಿ ಎಂದು ಪ್ರವಾದಿ(ಸ) ಕಲಿಸಿದ್ದಾರೆ.

ನಮ್ಮದು ಎರೆ ಭೂಮಿ. ಮಳೆಗೆ ನೆನೆದರೆ ಮಣ್ಣು ಮೆತ್ತಗಾಗಿ ಕಂಬಗಳು ವಾಲುತ್ತವೆ. ಬೇವಿನ ಕೊಂಬೆ ಮುರಿದು ತಂತಿಯ ಮೇಲೆ ಬೀಳುತ್ತದೆ. ದೊಡ್ಡ ಲೈನ್ ಸರಿಯಾಗದೆ ಓಣಿಯ ಟ್ರಾನ್ಸ್‌ಫಾರ್ಮರ್‌ಗೆ ಕರೆಂಟ್ ಬರುವುದಿಲ್ಲ, ಅದು ಬಾರದೆ ಮನೆಗೆ ಬರುವುದಿಲ್ಲ. ರಾತ್ರಿ, ಮಳೆಯಲ್ಲಿ ಕಂಬ ಹತ್ತುವ ಲೈನ್‌ಮನ್ ಕೂಡ ಯಾರದೋ ಮನೆಯ ಮಗ. ಆದ್ದರಿಂದ ಕಾಯಲೇಬೇಕು. ಆದರೆ ಹೇಗೆ ಕಾಯುತ್ತೇವೆ ಎಂಬುದರಲ್ಲಿ ನಮ್ಮ ಪರೀಕ್ಷೆಯಿದೆ.

ಈಚೆಗಿನ ಒಂದು ಬೇಸಿಗೆಯಲ್ಲಿ ಹೀಗೆಯೇ ಎರಡು ರಾತ್ರಿ ಕರೆಂಟ್ ಇರಲಿಲ್ಲ. ಮಕ್ಕಳ ಚಿಂತೆ ಫ್ಯಾನಿನದು. ನನ್ನ ಚಿಂತೆ ಬೇರೆ. ಪಕ್ಕದ ಮನೆಯ ಅಜ್ಜಿಗೆ ಸಕ್ಕರೆ ಕಾಯಿಲೆ. ಒಂಟಿ ಜೀವ, ಮನೆಯಲ್ಲಿ ಫ್ರಿಜ್ ಇಲ್ಲ. ಅವರ ಇನ್ಸುಲಿನ್ ಬಾಟಲಿಗಳು ನಮ್ಮ ಫ್ರಿಜ್ಜಿನಲ್ಲಿದ್ದವು. ನಮ್ಮ ಹಾಲು ಕೆಟ್ಟರೆ ಚೆಲ್ಲಬಹುದು. ಅದು ಅಮಾನತ್, ಕೆಟ್ಟರೆ ಗತಿಯೇನು?

ಔಷಧಿ ಅಂಗಡಿಯವರನ್ನು ಕೇಳಿದೆ. ಬಳಸಲು ತೆರೆದ ಬಾಟಲಿ ತಂಪಾದ ಕೋಣೆಯಲ್ಲಿ ಸಾಮಾನ್ಯವಾಗಿ ನಾಲ್ಕು ವಾರ ಬಾಳುತ್ತದೆ. ತೆರೆಯದಿದ್ದವು 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು, ಆದರೆ ಹೆಪ್ಪುಗಟ್ಟಬಾರದು, ಬಿಸಿಲಂತೂ ತಾಗಲೇಬಾರದು ಎಂದರು. ತೆರೆಯದ ಬಾಟಲಿಗಳನ್ನು ಜನರೇಟರ್ ಇದ್ದ ತಮ್ಮ ಅಂಗಡಿಯ ಫ್ರಿಜ್ಜಿನಲ್ಲಿಯೇ ಇಟ್ಟುಕೊಂಡರು. ತೆರೆದಿದ್ದಕ್ಕೆ ನಾವು ದೊಡ್ಡ ಮಣ್ಣಿನ ಗಡಿಗೆಯೊಳಗೆ ಚಿಕ್ಕದನ್ನಿಟ್ಟು, ನಡುವೆ ಉಸುಕು ತುಂಬಿ, ನೀರು ಹಾಕಿ, ಮೇಲೆ ಒದ್ದೆ ಬಟ್ಟೆ ಮುಚ್ಚಿದೆವು. ನೀರು ಆರುವಾಗ ಒಳಗೆ ತಂಪಾಗುತ್ತದೆ. ಪ್ರತಿ ನಮಾಝಿನ ಹೊತ್ತಿಗೆ ಉಸುಕು ನೆನೆಸುವುದು ಮಗಳ ಕೆಲಸವಾಯಿತು.

ಮರುದಿನ ನಮ್ಮ ಟ್ಯಾಂಕ್ ಖಾಲಿ. ಮೋಟಾರ್ ನಡೆಯಬೇಕಾದರೂ ಕರೆಂಟ್ ಬೇಕಲ್ಲ! ವುಝೂವಿಗೂ ಅಳೆದು ನೀರು ಬಳಸುವಂತಾಯಿತು. ಆಗ ಅಜ್ಜಿ ಕರೆದರು. ಅವರ ಮನೆಯಲ್ಲಿ ಮೋಟಾರ್ ಇಲ್ಲ, ಟ್ಯಾಂಕ್ ಇಲ್ಲ. ಆದರೆ ಹಳೆಯ ಕಾಲದ ದೊಡ್ಡ ಹರವಿಗಳ ತುಂಬ ನೀರಿತ್ತು, ಗೂಟಕ್ಕೆ ಕಂದೀಲು ತೂಗುತ್ತಿತ್ತು. ಬೇಡವೆಂದು ಸಂಕೋಚಪಟ್ಟಾಗ ಅವರು ಹೇಳಿದ್ದು: “ಯವ್ವಾ, ನನ್ನ ಔಷಧ ನೀ ಕಾಯಾಕತ್ತೀ, ನಿನ್ನ ಕೊಡಾ ನಾ ತುಂಬಬಾರದೇನ?”

ನಾವು ಅವರಿಗೆ ಉಪಕಾರ ಮಾಡುತ್ತಿದ್ದೇವೆಂದು ಮಕ್ಕಳು ತಿಳಿದಿದ್ದರು. ಯಾರು ಕೊಡುವವರು, ಯಾರು ಪಡೆಯುವವರು ಎಂಬುದು ಒಂದೇ ರಾತ್ರಿಯಲ್ಲಿ ತಿರುಗಿಬಿಡುತ್ತದೆ ಎಂದು ಅಂದು ಅವರಿಗೆ ತಿಳಿಯಿತು.

ಪವಿತ್ರ ಕುರ್‌ಆನಿನ 107ನೆಯ ಅಧ್ಯಾಯದ ಹೆಸರು ಅಲ್ ಮಾಊನ್. ನಮಾಝ್ ಮಾಡುತ್ತಲೇ ಅದರ ಬಗ್ಗೆ ಅಲಕ್ಷ್ಯ ತೋರುವವರನ್ನು, ತೋರಿಕೆಗಾಗಿ ಮಾಡುವವರನ್ನು, ದಿನಬಳಕೆಯ ಸಣ್ಣಪುಟ್ಟ ವಸ್ತುಗಳನ್ನೂ ಕೊಡದವರನ್ನು ಅದು ಎಚ್ಚರಿಸುತ್ತದೆ. ಗಡಿಗೆ, ಬಕೆಟು, ಕೊಡಲಿಯಂಥ ನೆರೆಹೊರೆಯಲ್ಲಿ ಕೈ ಬದಲಾಗುವ ವಸ್ತುಗಳೇ ಮಾಊನ್ ಎಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಇಂದು ಆ ಪಟ್ಟಿಗೆ ಒಂದು ಕಡ್ಡಿಪೆಟ್ಟಿಗೆ, ಒಂದು ಮೋಂಬತ್ತಿ, ಇನ್ವರ್ಟರಿನಲ್ಲಿ ಅರ್ಧ ಗಂಟೆ ಮೊಬೈಲ್ ಚಾರ್ಜ್, ಫ್ರಿಜ್ಜಿನಲ್ಲಿ ಒಂದು ಬಾಟಲಿಯ ಜಾಗವನ್ನೂ ಸೇರಿಸಿಕೊಳ್ಳಿ. ಅಲ್ಲಿ ನೆರೆಯವನ ಧರ್ಮ ಯಾವುದೆಂಬ ಷರತ್ತಿಲ್ಲ.

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಆರಂಭದ ನೆರೆಯನ್ನು ನಮ್ಮ ಕಡೆಯವರು ಮರೆತಿಲ್ಲ. ಮಲಪ್ರಭಾ, ಬೆಣ್ಣೆಹಳ್ಳ ಉಕ್ಕಿ ರೋಣ, ನರಗುಂದ ತಾಲೂಕುಗಳ ಎಷ್ಟೋ ಮಣ್ಣಿನ ಮನೆಗಳು ಕುಸಿದವು. ಅದರ ಮುಂದೆ ಎರಡು ರಾತ್ರಿಯ ಕತ್ತಲೆ ಏನೂ ಅಲ್ಲ. ಆದರೆ ದೊಡ್ಡ ಆಪತ್ತಿನಲ್ಲಿ ಕೈ ಹಿಡಿಯುವ ಅಭ್ಯಾಸ ಸಣ್ಣ ಕತ್ತಲೆಯಲ್ಲಿಯೇ ಆಗಬೇಕು.

ಸಹೋದರಿಯರೇ, ಮೋಡ ಕಂಡಾಗಲೇ ಒಂದೆರಡು ಕೊಡ ನೀರು ತುಂಬಿಡಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಡಬ್ಬಿಗೆ ಫ್ರಿಜ್ ಬೇಡ. ಪದೇ ಪದೇ ಫ್ರಿಜ್ ತೆರೆಯಬೇಡಿ. ಮುಚ್ಚಿದ್ದರೆ ನಾಲ್ಕು ತಾಸಿನವರೆಗೆ ತಂಪು ಉಳಿಯುತ್ತದೆ. ಹರಿದು ಬಿದ್ದ ತಂತಿಯ ಹತ್ತಿರ ಮಕ್ಕಳನ್ನು ಬಿಡಬೇಡಿ, 1912ಕ್ಕೆ ಫೋನ್ ಮಾಡಿ. ಜನರೇಟರನ್ನು ಮನೆಯೊಳಗೆ ಎಂದೂ ಹಚ್ಚಬೇಡಿ, ಅದರ ಹೊಗೆ ಪ್ರಾಣ ತೆಗೆಯುತ್ತದೆ. ಮಲಗುವಾಗ ಮೋಂಬತ್ತಿ, ಕಂದೀಲು ಆರಿಸಿ. ಮದೀನಾದಲ್ಲಿ ಒಂದು ರಾತ್ರಿ ಮನೆಯೊಂದು ಸುಟ್ಟುಹೋದಾಗ ಪ್ರವಾದಿ(ಸ) ಇದನ್ನೇ ಆದೇಶಿಸಿದ್ದರು (ಬುಖಾರಿ, ಮುಸ್ಲಿಮ್).

ಇವೆಲ್ಲ ಮುಗಿದ ಮೇಲೆ ಇನ್ನೊಂದು ಕೆಲಸ ಉಳಿದಿದೆ. ನಿಮ್ಮ ಓಣಿಯಲ್ಲಿ ಒಂಟಿಯಾಗಿರುವವರು ಯಾರು, ಹಾಸಿಗೆ ಹಿಡಿದವರು ಯಾರು, ಹಸುಗೂಸಿನ ಬಾಣಂತಿ ಯಾರು ಎಂದು ಒಮ್ಮೆ ನೆನೆಯಿರಿ. ಅವರು ಬಂದು ಕೇಳುವವರೆಗೆ ಕಾಯಬೇಡಿ. ಟಾರ್ಚ್ ಹಿಡಿದು ನೀವೇ ಹೋಗಿ ಬಾಗಿಲು ತಟ್ಟಿ.